ಆದೇಶ ಒಬ್ಬರಿಗೆ, ಊರು ಬಿಡುವುದು ಮನೆಮಂದಿಯೆಲ್ಲ

ಮಾರ್ಚ್ ತಿಂಗಳ ಒಂದು ಸಂಜೆ ಬ್ಯಾಂಕಿನಿಂದ ಬಂದ ನಮ್ಮ ಯಜಮಾನರು ಚಪ್ಪಲಿ ಕಳಚುವ ಮೊದಲೇ ‘ಪುಣೆ’ ಎಂದರು. ನಾವು ಧಾರವಾಡದಲ್ಲಿ ಬೇರು ಬಿಟ್ಟು 9 ವರ್ಷವಾಗಿತ್ತು. ಮಗಳು ಏಳನೇ ತರಗತಿ ಪರೀಕ್ಷೆ ಬರೆಯುತ್ತಿದ್ದಳು. ನಾನು ಖಾಸಗಿ ಶಾಲೆಯೊಂದರಲ್ಲಿ 8 ವರ್ಷದಿಂದ ಗಣಿತ ಕಲಿಸುತ್ತಿದ್ದೆ. ಅತ್ತೆಗೆ 72. ವರ್ಗಾವಣೆ ಆದೇಶದಲ್ಲಿ ಇದ್ದದ್ದು ಒಂದೇ ಹೆಸರು. ಹೊಸ ಊರಿನಲ್ಲಿ ಆ ಹೆಸರಿಗೆ ಕುರ್ಚಿ, ಸಹೋದ್ಯೋಗಿಗಳು, ಚಹಾಕ್ಕೆ ಜೊತೆ ಎಲ್ಲವೂ ಮೊದಲ ದಿನವೇ ಸಿಗುತ್ತವೆ. ಉಳಿದ ಮೂವರಿಗೆ ಸಿಗುವುದು ಖಾಲಿ ಮನೆ. ಆ ಮೂವರಿಗಾಗಿ ಏನನ್ನು ಯಾವಾಗ ಮಾಡಬೇಕೆಂದು ನಾವು ಎಡವಿ ಎಡವಿ ಕಲಿತೆವು. ನಿಮ್ಮ ಮನೆಗೆ ಇಂಥ ಆದೇಶ ಬಂದಿದ್ದರೆ ಇದನ್ನು ಕತ್ತರಿಸಿ ಇಟ್ಟುಕೊಳ್ಳಿ.

ಮೊದಲ ವಾರ: ಎಲ್ಲರನ್ನೂ ಕೇಳಿ

ಹೊಸ ಊರಿನ ಗುಣಗಾನ ಆಮೇಲೆ ಮಾಡಿ. ‘ಇಲ್ಲಿಂದ ಹೋದರೆ ನಿನಗೆ ಏನು ತಪ್ಪುತ್ತದೆ’ ಎಂದು ಮನೆಯ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಬರೆದಿಟ್ಟುಕೊಳ್ಳಿ. ಮಗಳು ಗೆಳತಿಯರ ಹೆಸರು ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಿದ್ದು ಸಂಗೀತದ ಮೇಷ್ಟ್ರನ್ನು. ಅದು ಗೊತ್ತಾದದ್ದರಿಂದ ಪುಣೆಯಲ್ಲಿ ಮನೆ ಹುಡುಕುವಾಗಲೇ ಸಂಗೀತ ಶಾಲೆ ಎಷ್ಟು ದೂರ ಎಂದು ನೋಡಿದೆವು.

ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾಗಿದ್ದರೆ ಈ ವಾರವೇ ಅರ್ಜಿ ಬರೆಯಿರಿ. ಸಾಧ್ಯವಾದಷ್ಟೂ ಒಂದೇ ಸ್ಥಳದಲ್ಲಿ ನೇಮಿಸಬೇಕೆಂಬ ಕೇಂದ್ರ ಸರ್ಕಾರದ ಸೂಚನೆಗಳನ್ನು 2009ರಲ್ಲಿ ಒಟ್ಟುಗೂಡಿಸಿ ಮತ್ತೆ ಹೊರಡಿಸಲಾಗಿದೆ. ಕರ್ನಾಟಕದಲ್ಲೂ ಶಿಕ್ಷಕರ ವರ್ಗಾವಣೆಯಲ್ಲಿ ‘ಪತಿ-ಪತ್ನಿ ಪ್ರಕರಣ’ಕ್ಕೆ ಆದ್ಯತೆ ಇದೆ. ಖಾಸಗಿ ಕಂಪನಿಯವರಾದರೆ ನಾಲ್ಕು ವಿಷಯ ಕೇಳಿ: ಮನೆ ನೋಡಲು ಇಬ್ಬರಿಗೂ ಒಂದು ಪ್ರಯಾಣದ ಖರ್ಚು, ಮೊದಲ ಕೆಲವು ವಾರ ವಸತಿ, ಸಾಮಾನು ಸಾಗಣೆ, ಮಕ್ಕಳ ಹೊಸ ಶಾಲೆಯ ಪ್ರವೇಶ ಶುಲ್ಕ. ಬಾಯಿಮಾತು ಬೇಡ, ಮೇಲ್‌ನಲ್ಲಿ ಬರಲಿ. ನೌಕರಿಗೆ ಸೇರಿಕೊಂಡ ಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಎಲ್ಲರೂ ಒಟ್ಟಿಗೆ ಹೋಗಬೇಕೆಂದಿಲ್ಲ

ಕೇಂದ್ರ ಸರ್ಕಾರಿ ನೌಕರರ ಕುಟುಂಬ 6 ತಿಂಗಳೊಳಗೆ ಹಿಂದಿನಿಂದ ಬಂದರೂ ವರ್ಗಾವಣೆಯ ಪ್ರಯಾಣ ಭತ್ಯೆ ಸಿಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳು ಶಾಲೆಯ ವರ್ಷದ ಮಧ್ಯದಲ್ಲೇ ಗಂಟುಮೂಟೆ ಕಟ್ಟುತ್ತವೆ. ಬ್ಯಾಂಕು, ನಿಗಮಗಳಿಗೆ ಅವುಗಳದೇ ನಿಯಮ. ಗಡುವನ್ನು ಸಿಬ್ಬಂದಿ ವಿಭಾಗದಲ್ಲಿ ವಿಚಾರಿಸಿ. ಮಕ್ಕಳು ಒಂಬತ್ತು ಅಥವಾ ಹತ್ತರಲ್ಲಿದ್ದರೆ ಎರಡು ಮನೆಯ ಖರ್ಚು ಬಂದರೂ ಅವರನ್ನು ಅಲ್ಲಾಡಿಸಬೇಡಿ ಎಂದೇ ನನ್ನ ಸಲಹೆ. ಆದರೆ ಬೇರೆ ಬೇರೆ ಇರುವುದಕ್ಕೆ ಕೊನೆಯ ದಿನಾಂಕ ಒಂದಿರಲಿ. ನಾವು ಮೂರು ತಿಂಗಳು ಹಾಗಿದ್ದೆವು. ಹದಿನೈದು ದಿನಕ್ಕೊಮ್ಮೆ ಯಜಮಾನರು ಊರಿಗೆ ಬರುವ ಟಿಕೆಟ್ಟುಗಳನ್ನು ಮೊದಲೇ ತೆಗೆದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆವು. ಮಗಳು ದಿನ ಎಣಿಸುತ್ತಿದ್ದಳು. 2024ರ ಸೆಪ್ಟೆಂಬರ್‌ನಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲೂ ಬಂದಿರುವುದರಿಂದ ಈಗ ಈ ದಾರಿಯಲ್ಲಿ ಓಡಾಡುವವರಿಗೆ ಇನ್ನೊಂದು ಅನುಕೂಲ.

ರಾಜೀನಾಮೆ ಕೊಡುವ ಸಂಗಾತಿ

ಬಹುತೇಕ ಮನೆಗಳಲ್ಲಿ ಕೆಲಸ ಬಿಡುವವಳು ಹೆಂಡತಿ. ಈಚೆಗೆ ಹೆಂಡತಿಯ ವರ್ಗಾವಣೆಗೆ ಗಂಡಂದಿರೂ ಬಿಡುತ್ತಿದ್ದಾರೆ, ಅವರ ಕಷ್ಟವೂ ಇದೇ. ರಾಜೀನಾಮೆಗೆ ಮೊದಲು ದೂರದಿಂದ ಕೆಲಸ, ಸಂಬಳವಿಲ್ಲದ ರಜೆ, ಇನ್ನೊಂದು ಶಾಖೆ, ಈ ಮೂರನ್ನೂ ಲಿಖಿತವಾಗಿ ಕೇಳಿ. ಆಗದಿದ್ದರೆ ಅನುಭವ ಪತ್ರ, ಕೊನೆಯ ಸಂಬಳದ ಚೀಟಿಗಳು, ಬಿಡುಗಡೆ ಪತ್ರ ಕೈಗೆ ಬರದೆ ಊರು ಬಿಡಬೇಡಿ.

ಭವಿಷ್ಯ ನಿಧಿಯ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡುವುದರಲ್ಲಿದ್ದೆ. ‘ಎಲ್ಲ ತೆಗೆದುಬಿಡಿ ಮೇಡಂ, ಸಾಮಾನು ಸಾಗಿಸಲು ಆಗುತ್ತದೆ’ ಎಂದು ಕಚೇರಿಯಲ್ಲಿ ಫಾರಂ ಮುಂದಿಟ್ಟರು. ಪಿ.ಎಫ್. ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿ ಸಿಗಬೇಕಾದರೆ ಒಟ್ಟು 10 ವರ್ಷ ಸೇವೆ ಬೇಕು. 8 ವರ್ಷಕ್ಕೆ ಪಿಂಚಣಿಯ ಹಣ ತೆಗೆದಿದ್ದರೆ ಆ 8 ವರ್ಷವೂ ಲೆಕ್ಕದಿಂದ ಹೋಗುತ್ತಿತ್ತು. ಅದರ ಬದಲು 10ಸಿ ಫಾರಂನಲ್ಲಿ ‘ಸ್ಕೀಮ್ ಸರ್ಟಿಫಿಕೇಟ್’ ಕೇಳಬಹುದು. ಹೊಸ ಊರಲ್ಲಿ ಕೆಲಸ ಸಿಕ್ಕರೆ ಅದೇ 12 ಅಂಕಿಯ ಯು.ಎ.ಎನ್. ಕೊಟ್ಟರಾಯಿತು, ಹಳೆಯ ಸೇವೆ ಸೇರಿಕೊಳ್ಳುತ್ತದೆ.

ಇನ್ನೊಂದು ಮಾತನ್ನು ನೌಕರಿ ಉಳಿಸಿಕೊಂಡವರಿಗೆ ಹೇಳಬೇಕು. ಸಂಗಾತಿಯ ಸಂಬಳ ನಿಂತ ತಿಂಗಳಿನಿಂದಲೇ ಅವರ ಖಾತೆಗೆ ಒಂದು ಮೊತ್ತ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಏರ್ಪಾಡು ಮಾಡಿ. 8 ವರ್ಷ ದುಡಿದು ಖರ್ಚು ಮಾಡಿದ ಕೈ ತರಕಾರಿಗೂ ಹಣ ಕೇಳುವಂತಾದರೆ ಎಷ್ಟು ನೋಯುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ನಮ್ಮ ಮನೆಯಲ್ಲಿ ಇದನ್ನು ನಾನೇ ಬಾಯಿ ಬಿಟ್ಟು ಹೇಳಬೇಕಾಯಿತು, ಅದೂ ನಾಲ್ಕನೇ ತಿಂಗಳಿನಲ್ಲಿ.

ಮಕ್ಕಳ ಕಾಗದಪತ್ರ

ಇಲ್ಲಿ ಅವಸರ ಬೇಡ. ಬೇರೆ ರಾಜ್ಯಕ್ಕೆ ಹೋಗುವಾಗ ವರ್ಗಾವಣೆ ಪತ್ರಕ್ಕೆ (ಟಿ.ಸಿ.) ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿ. ಅದೇ ದಿನ, ಅದೇ ಕಚೇರಿಯಲ್ಲಿ, ಓದಿದ ಪ್ರತಿ ವರ್ಷವನ್ನೂ ನಮೂದಿಸಿದ ವ್ಯಾಸಂಗ ಪ್ರಮಾಣಪತ್ರಕ್ಕೂ ಸಹಿ ಪಡೆಯಿರಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಅರ್ಹತೆ ಪಡೆಯುವ ಮುಖ್ಯ ದಾರಿ ಇದು: ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು, ಹತ್ತನೇ ಅಥವಾ ಹನ್ನೆರಡನೇ ತರಗತಿಯ ಪರೀಕ್ಷೆಗಳಲ್ಲಿ ಒಂದನ್ನಾದರೂ ಇಲ್ಲಿ ಪಾಸು ಮಾಡಿರಬೇಕು. ನಮ್ಮ ಮಗಳು ಏಳನೇ ತರಗತಿ ಮುಗಿಸಿ ಹೊರಟದ್ದರಿಂದ 7 ವರ್ಷ ತುಂಬಿತ್ತು. ಪಿಯುಗೆ ಊರಿಗೆ ಮರಳಿದರೆ ದಾರಿ ತೆರೆದೇ ಇರುತ್ತದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತರವರೆಗೂ ಹಾಗೆಯೇ ಓದಿರಬೇಕು. ನಡುವೆ ಹೊರಗೆ ಹೋದರೆ ಅದು ಕೈತಪ್ಪುತ್ತದೆ. ಸರ್ಕಾರಿ ನೌಕರರ, ಸೈನಿಕರ ಮಕ್ಕಳಿಗೆ ಬೇರೆ ಕಲಂಗಳಿವೆ. ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಕೈಪಿಡಿ ನೋಡಿಕೊಳ್ಳಿ.

ಹೊಸ ರಾಜ್ಯದ ಭಾಷೆಗೂ ಸಿದ್ಧರಾಗಬೇಕು. ನಮ್ಮಲ್ಲಿ 2015ರ ಕಾಯ್ದೆಯಂತೆ ಕನ್ನಡ ಕಲಿಕೆ ಇರುವ ಹಾಗೆ, ಮಹಾರಾಷ್ಟ್ರದಲ್ಲಿ ಮರಾಠಿಗೆ 2020ರ, ತೆಲಂಗಾಣದಲ್ಲಿ ತೆಲುಗಿಗೆ 2018ರ, ತಮಿಳುನಾಡಿನಲ್ಲಿ ತಮಿಳಿಗೆ 2006ರ ಕಾಯ್ದೆಗಳಿವೆ. ಹೊರಗಿನಿಂದ ಬಂದ ಮಕ್ಕಳಿಗೆ ಏನಾದರೂ ರಿಯಾಯಿತಿ ಇದೆಯೇ ಎಂದು ಪ್ರವೇಶದ ದಿನವೇ ಕೇಳಿ. ಬೇಸಿಗೆ ರಜೆಯಲ್ಲಿ ಮಗಳಿಗೆ ದಿನಕ್ಕೆ ಅರ್ಧ ಗಂಟೆ ಮರಾಠಿ ಓದಿಸಿದೆವು. ಹಿಂದಿಯ ಲಿಪಿ ಗೊತ್ತಿದ್ದದ್ದು ಅನುಕೂಲವಾಯಿತು. ಹಿಂದಿಯಲ್ಲಿಲ್ಲದ ನಮ್ಮ ‘ಳ’ ಮರಾಠಿಯಲ್ಲಿ ಸಿಕ್ಕಾಗ ಅವಳಿಗೆ ಎಲ್ಲಿಲ್ಲದ ಖುಷಿ.

ಹಿರಿಯರು

‘ನಾ ಅಲ್ಲಿ ಬಂದು ಯಾರ ಜೋಡಿ ಮಾತಾಡ್ಲಿ?’ ಎಂದರು ಅತ್ತೆ. ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ, ಹುಡುಕಬೇಕಾಯಿತು. ಹೊರನಾಡಿನ ಕನ್ನಡ ಸಂಘಗಳು ಕೆಲಸಕ್ಕೆ ಬರುವುದು ಇಲ್ಲೇ. ಪುಣೆಯ ಕನ್ನಡ ಸಂಘ ಕನ್ನಡ ಮಾಧ್ಯಮ ಶಾಲೆಯನ್ನೂ ನಡೆಸುತ್ತದೆ. ಮುಂಬೈನ ಮಾಟುಂಗಾದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್, ಹೈದರಾಬಾದಿನ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ದೆಹಲಿಯಲ್ಲಿ ಕರ್ನಾಟಕ ಸಂಘ ಇವೆ. ಹೋಗುವ ಮೊದಲೇ ಫೋನ್ ಮಾಡಿ, ನಿಮ್ಮ ಬಡಾವಣೆಯ ಹತ್ತಿರ ಇರುವ ಒಬ್ಬಿಬ್ಬರು ಹಿರಿಯರ ಪರಿಚಯ ಕೇಳಿ.

ವೈದ್ಯರಿಂದ ಕಾಯಿಲೆಯ ಪೂರ್ತಿ ವಿವರದ ಪತ್ರ ಬರೆಸಿಕೊಳ್ಳಿ, ಎರಡು ತಿಂಗಳ ಔಷಧಿ ಜೊತೆಗಿರಲಿ. ಆರೋಗ್ಯ ವಿಮೆಯವರಿಗೆ ಹೊಸ ವಿಳಾಸ ತಿಳಿಸಲೇಬೇಕು: ಕೆಲವು ಪಾಲಿಸಿಗಳಲ್ಲಿ ನಗರದ ವಲಯಕ್ಕೆ ತಕ್ಕಂತೆ ಕಂತು ಬದಲಾಗುತ್ತದೆ, ಸಣ್ಣ ಊರಿನ ಕಂತು ಕಟ್ಟಿ ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಮ್ಮ ತಲೆಗೆ ಬರಬಹುದು. ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕೆ ಮಾತ್ರ ಊರಿಗೆ ಓಡಬೇಕಿಲ್ಲ. ‘ಜೀವನ್ ಪ್ರಮಾಣ್’ ಮೂಲಕ ಮೊಬೈಲಿನಲ್ಲೇ ಮುಖ ತೋರಿಸಿ ಕೊಡಬಹುದು.

ಮನೆ, ಗ್ಯಾಸ್, ಗಾಡಿ

ಬಾಡಿಗೆ ಕರಾರಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ. ಮಹಾರಾಷ್ಟ್ರದಲ್ಲಿ ‘ಲೀವ್ ಅಂಡ್ ಲೈಸೆನ್ಸ್’ ಕರಾರಿನ ನೋಂದಣಿ ಕಡ್ಡಾಯ. ಆ ನೋಂದಾಯಿತ ಕಾಗದವೇ ಬ್ಯಾಂಕು, ಶಾಲೆ, ಗ್ಯಾಸ್ ಏಜೆನ್ಸಿಗಳಲ್ಲಿ ನಿಮ್ಮ ವಿಳಾಸದ ಸಾಕ್ಷಿ. ನಮ್ಮ ಕರಾರಿನಲ್ಲಿ ನನ್ನ ಹೆಸರಿರಲಿಲ್ಲ, ಹಾಗಾಗಿ ನನ್ನ ಹೆಸರಲ್ಲಿ ಒಂದು ಗ್ರಂಥಾಲಯದ ಕಾರ್ಡ್ ಮಾಡಿಸಲೂ ಪರದಾಡಿದೆ. ಹಾಗಾದವರಿಗೆ 2023ರಿಂದ ಒಂದು ದಾರಿ ಇದೆ: ವಿವಾಹ ನೋಂದಣಿ ಪತ್ರದಂಥ ಸಂಬಂಧದ ದಾಖಲೆ ಕೊಟ್ಟು, ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೆ ಆಧಾರ್ ವಿಳಾಸ ಬದಲಿಸಿಕೊಳ್ಳಬಹುದು.

ಸಿಲಿಂಡರ್ ಮತ್ತು ರೆಗ್ಯುಲೇಟರ್ ಹಿಂದಿರುಗಿಸಿ ಟರ್ಮಿನೇಷನ್ ವೋಚರ್ ಪಡೆಯಿರಿ. ಬೇರೆ ರಾಜ್ಯದಲ್ಲಿ ಗಾಡಿ 12 ತಿಂಗಳು ದಾಟಿ ಇರುವುದಾದರೆ ಅಲ್ಲಿ ಮರುನೋಂದಣಿ ಬೇಕು, ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು. ಮತದಾರರ ಪಟ್ಟಿಗೆ ನಮೂನೆ 8. ಪಡಿತರ ಚೀಟಿಯನ್ನು ರದ್ದು ಮಾಡಿಸಬೇಕಿಲ್ಲ, ಆಹಾರ ಭದ್ರತಾ ಕಾಯ್ದೆಯಡಿಯ ಚೀಟಿ ದೇಶದ ಎಲ್ಲ ರಾಜ್ಯಗಳಲ್ಲೂ ನಡೆಯುತ್ತದೆ. ಮೂಲ ದಾಖಲೆ, ಒಡವೆ, ಔಷಧಿ ಲಾರಿಗೆ ಹತ್ತಬಾರದು, ಕೈಯಲ್ಲೇ ಇರಲಿ. ಮೊದಲ ರಾತ್ರಿಗೆಂದು ಒಂದು ಡಬ್ಬ ಬೇರೆ ಕಟ್ಟಿ: ಇಂಡಕ್ಷನ್ ಒಲೆ, ಒಂದು ಪಾತ್ರೆ, ರವೆ, ಚಟ್ನಿಪುಡಿ, ಹಾಸಿಗೆ ಹೊದಿಕೆ, ದೇವರ ದೀಪ.

ಮೊದಲ ಮೂರು ತಿಂಗಳು

ಹೊಸ ಕಚೇರಿಯಲ್ಲಿ ಹೆಸರು ಮಾಡಬೇಕೆಂಬ ಹುಮ್ಮಸ್ಸಿನಲ್ಲಿ ರಾತ್ರಿ ಒಂಬತ್ತಕ್ಕೆ ಮನೆಗೆ ಬರುವುದು ಈ ಅವಧಿಯಲ್ಲೇ. ದಯವಿಟ್ಟು ವಾರಕ್ಕೆ ಎರಡು ದಿನವಾದರೂ ಆರೂವರೆಗೆ ಬನ್ನಿ, ಸಂಗಾತಿಯ ಜೊತೆ ಪೇಟೆ ಸುತ್ತಿ, ಬಸ್ಸಿನ ದಾರಿ ಕಲಿಯಿರಿ. ದಿನವಿಡೀ ಮಾತಿಲ್ಲದ ಮನೆಯಲ್ಲಿ ಕೂತವರಿಗೆ ಆ ಒಂದು ಗಂಟೆಯೇ ಉಸಿರು. ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು, ಊಟ ಸೇರದಿರುವುದು ಎರಡು ವಾರ ದಾಟಿದರೆ ‘ಹೊಸ ಜಾಗ, ಸರಿಹೋಗ್ತದೆ’ ಎಂದು ತಳ್ಳಬೇಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಪಕ್ಕದ ಮನೆಗೆ ಯಾರಾದರೂ ವರ್ಗವಾಗಿ ಬಂದಿದ್ದರೆ ನೀವು ಮಾಡಬಹುದಾದ ಒಂದು ಕೆಲಸವಿದೆ. ಪುಣೆಯಲ್ಲಿ ನಾವು ಸಾಮಾನು ಇಳಿಸಿದ ಸಂಜೆ ಕೆಳಗಿನ ಮಹಡಿಯ ಅಜ್ಜಿಯೊಬ್ಬರು ಒಂದು ಚೀಟಿ ತಂದುಕೊಟ್ಟರು. ಹಾಲಿನವರು, ನೀರು ಬರುವ ಹೊತ್ತು, ಕಸದ ಗಾಡಿ, ರಾತ್ರಿಯೂ ತೆರೆದಿರುವ ಔಷಧಿ ಅಂಗಡಿ, ಮಕ್ಕಳ ಡಾಕ್ಟರು, ಪ್ಲಂಬರು, ಕೊನೆಗೆ ಅವರದೇ ಫೋನ್ ನಂಬರು. ಅತ್ತೆ ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದರು. ಮರುದಿನ ಮಧ್ಯಾಹ್ನ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು, ಒಬ್ಬರೇ, ಕೆಳಗಿನ ಮಹಡಿಗೆ ಹೋದರು.