ಗುಣವಾಯಿತು; ಆದರೆ ಯಾವುದರಿಂದ?

ಭುಜದ ನೋವಿನಿಂದ ಕೈಯೆತ್ತಲಾರದವರೊಬ್ಬರು ಫಿಸಿಯೋಥೆರಪಿ ಚಿಕಿತ್ಸಕರ ಬಳಿಗೆ ಹೋದರೆಂದು ಭಾವಿಸೋಣ. ಚಿಕಿತ್ಸಕರು ನೋವಿರುವೆಡೆಯಲ್ಲಿ ತಣ್ಣನೆಯ ಜೆಲ್ ಸವರಿ, ಅದರ ಮೇಲೆ ಲೋಹದ ತುದಿಯ ಸಣ್ಣ ಉಪಕರಣವೊಂದನ್ನು ಮೆಲ್ಲನೆ ಆಡಿಸುತ್ತಾರೆ. ಹತ್ತು ದಿನ ಕಳೆಯುವಷ್ಟರಲ್ಲಿ ರೋಗಿ ಕೈಯೆತ್ತಿ ತಲೆ ಬಾಚಿಕೊಳ್ಳುತ್ತಾರೆ. ಯಂತ್ರವು ಗುಣಪಡಿಸಿತೆಂದು ಅವರಿಗೆ ಸಂತೋಷ, ಚಿಕಿತ್ಸಕರಿಗೂ ಸಂತೋಷ. ಸಂತೋಷವೇನೋ ನ್ಯಾಯವಾದುದೇ. ಆದರೆ ತೀರ್ಮಾನವೂ ಸರಿಯೆ?

ಈ ಯಂತ್ರದಿಂದ ಹೊರಡುವುದು ಶ್ರವಣಾತೀತ ಧ್ವನಿ, ಎಂದರೆ ಅಲ್ಟ್ರಾಸೌಂಡ್. ಸೆಕೆಂಡಿಗೆ 20,000ಕ್ಕೆ ಮೀರಿದ ಕಂಪನಗಳು ನಮ್ಮ ಕಿವಿಗೆ ಕೇಳಿಸವು. ಇಲ್ಲಿಯಾದರೋ ಅವು ಸೆಕೆಂಡಿಗೆ ಹತ್ತು ಲಕ್ಷ, ಇಲ್ಲವೆ ಮೂವತ್ತು ಲಕ್ಷ. ಅವುಗಳ ಶಕ್ತಿಯನ್ನು ದೇಹದ ಅಂಗಾಂಶಗಳು ಹೀರಿಕೊಂಡಾಗ ಅಲ್ಲಿ ಶಾಖ ಹುಟ್ಟುತ್ತದೆ. ಆ ಶಾಖ ವಾಸಿಗೆ ನೆರವಾದೀತೆಂಬುದು ಸೊಗಸಾದ ಊಹೆ. ಎಷ್ಟೇ ಸೊಗಸಾಗಿದ್ದರೂ, ಪರೀಕ್ಷೆಗೆ ನಿಲ್ಲುವವರೆಗೆ ಊಹೆ ಊಹೆಯೇ.

ಗುಣವಾದುದಕ್ಕೆ ಬೇರೆ ಕಾರಣಗಳೂ ಇರಬಹುದು. ಎಷ್ಟೋ ನೋವುಗಳನ್ನು ಕಾಲವೇ ಮಾಯಿಸುತ್ತದೆ. ನೋವಿಗೆ ಏರಿಳಿತವೂ ಸಹಜ. ಅದು ಏರಿದಾಗಲೇ ನಾವು ಚಿಕಿತ್ಸಕರನ್ನು ಹುಡುಕುವುದರಿಂದ, ಬಳಿಕ ಇಳಿಯುವ ಸಂಭವವೇ ಹೆಚ್ಚು. ಇನ್ನು, ಆದರದಿಂದ ಮುಟ್ಟಿ ನೋಡಿ ಧೈರ್ಯ ಹೇಳುವವರಿದ್ದರೆ ನೋವು ತಗ್ಗಿದಂತೆನಿಸುವುದನ್ನು ಯಾರು ತಾನೆ ಅರಿಯರು?

ಇವುಗಳನ್ನು ಬೇರ್ಪಡಿಸಲು ಉಪಾಯವೊಂದುಂಟು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ನಿಜವಾದ ಚಿಕಿತ್ಸೆ. ಇನ್ನೊಂದಕ್ಕೂ ಅದೇ ಜೆಲ್, ಅದೇ ಉಪಕರಣ, ಅದೇ ಉಪಚಾರ. ಧ್ವನಿ ಮಾತ್ರ ಹೊರಡದು. ಯಾರು ಯಾವ ಗುಂಪಿನವರೆಂಬುದು ರೋಗಿಗೂ ತಿಳಿಯದು, ಫಲವನ್ನು ಅಳೆಯುವವರಿಗೂ ತಿಳಿಯದು. ಕಾಲ, ಏರಿಳಿತ, ಆದರ ಎರಡು ಗುಂಪಿಗೂ ಸಮನಾದುದರಿಂದ, ಖಚಿತವಾದ ವ್ಯತ್ಯಾಸ ಉಳಿದರೆ ಅದು ಧ್ವನಿಯದೆಂದು ಹೇಳಬಹುದು.

ಇಂತಹ 35 ಪ್ರಯೋಗಗಳನ್ನು ರಾಬರ್ಟ್‌ಸನ್ ಮತ್ತು ಬೇಕರ್ ಎಂಬ ಸಂಶೋಧಕರು 2001ರಲ್ಲಿ ವಿಮರ್ಶಿಸಿದರು. ವಿಧಾನವು ತೃಪ್ತಿಕರವೆನಿಸಿದವು ಕೇವಲ 10. ಅವುಗಳಲ್ಲಿ 8ರಲ್ಲಿ ನಿಜವಾದ ಧ್ವನಿಯು ಹುಸಿ ಚಿಕಿತ್ಸೆಗಿಂತ ಮೇಲೆನಿಸಲಿಲ್ಲ. ಉಳಿದ ಎರಡರಲ್ಲಿ ಪ್ರಯೋಜನ ಕಂಡಿತು: ಒಂದು, ಭುಜದಲ್ಲಿ ಸುಣ್ಣದ ಅಂಶ ಶೇಖರವಾದ ರೋಗ, ಮತ್ತೊಂದು, ಮಣಿಕಟ್ಟಿನಲ್ಲಿ ನರ ಅದುಮಿಹೋದ ರೋಗ. ಗಮನಿಸತಕ್ಕ ಸಂಗತಿಯೆಂದರೆ, ಈ ವಿಮರ್ಶೆಯನ್ನು ಪ್ರಕಟಿಸಿದುದು ಆ ವೃತ್ತಿಯವರದೇ ಪತ್ರಿಕೆ.

ಪರೀಕ್ಷೆಯು ನಮ್ಮಿಂದ ಕಿತ್ತುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಉಂಟು. 1995ರಲ್ಲಿ ಪ್ರಕಟವಾದ ಹೆಲ್ಸಿಂಕಿಯ ಪ್ರಯೋಗವೊಂದರಲ್ಲಿ, ಹೊಸದಾಗಿ ಬೆನ್ನುನೋವು ಬಂದ 186 ಜನರನ್ನು ಮೂರು ಗುಂಪು ಮಾಡಲಾಯಿತು. ಒಂದಕ್ಕೆ ಎರಡು ದಿನಗಳ ಹಾಸಿಗೆ, ಒಂದಕ್ಕೆ ಬೆನ್ನಿನ ವ್ಯಾಯಾಮ, ಒಂದಕ್ಕೆ ತಾಳಿಕೊಳ್ಳುವಷ್ಟು ನಿತ್ಯದ ಕೆಲಸ. ಬೇಗ ಚೇತರಿಸಿಕೊಂಡವರು ಮೂರನೆಯವರು! ಕಾಸಿಲ್ಲದ ಔಷಧ ಕೈಗೆ ಸಿಕ್ಕಂತಾಯಿತು.

ಇದನ್ನೆಲ್ಲ ಒಬ್ಬೊಬ್ಬ ಚಿಕಿತ್ಸಕರೇ ಅನುಭವದಿಂದ ಅರಿಯಲಾರರೆ? ಅರಿಯುವುದು ಕಷ್ಟ. ಗುಣವಾದವರು ಬಂದು ಕೃತಜ್ಞತೆ ಹೇಳುತ್ತಾರೆ. ಗುಣವಾಗದವರು ಸದ್ದಿಲ್ಲದೆ ಬೇರೆಡೆಗೆ ಹೋಗುತ್ತಾರೆ. ಎಣಿಕೆ ತಪ್ಪುವುದು ಇಲ್ಲಿಯೇ. ಆದುದರಿಂದಲೇ ವೃತ್ತಿಗೆ ಸಮುದಾಯ ಬೇಕು. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಅಂಗಮರ್ದನ ವೃತ್ತಿಗೆ ತಟ್ಟಿದ ಅಪವಾದವನ್ನು ಕಳೆಯಲು ಸಂಘವೊಂದನ್ನು ಕಟ್ಟಿದರು. ಆಗ ಕಾಯಬೇಕಾದುದು ನಡತೆಯ ಶುದ್ಧಿ. ಈಗ ಅದರೊಡನೆ ಪ್ರಮಾಣದ ಶುದ್ಧಿಯೂ ಸೇರಿದೆ. 1999ರಲ್ಲಿ ಸಿಡ್ನಿಯಲ್ಲಿ ಆರಂಭವಾದ ‘ಪೆಡ್ರೊ’ ಎಂಬ ಭಂಡಾರವು ಫಿಸಿಯೋಥೆರಪಿಯ ಪ್ರಯೋಗಗಳನ್ನು 11 ಅಂಶಗಳ ಒರೆಗೆ ಹಚ್ಚಿ, ಯಾರಾದರೂ ಉಚಿತವಾಗಿ ನೋಡುವಂತೆ ಇಟ್ಟಿದೆ.

ರೋಗಿ ತೆರುವುದು ಹಣವನ್ನು ಮಾತ್ರವಲ್ಲ, ದಿನಗಳನ್ನು, ಭರವಸೆಯನ್ನು. ಆದುದರಿಂದ ‘ಇದರಿಂದ ಗುಣವಾಗುವುದೆಂದು ಹೇಗೆ ತಿಳಿಯಿತು?’ ಎಂದು ನಾವು ವಿನಯದಿಂದ ಕೇಳಬಹುದು. ಒಳ್ಳೆಯ ಚಿಕಿತ್ಸಕರು ಆ ಪ್ರಶ್ನೆಗೆ ಮುನಿಯುವುದಿಲ್ಲ. ಅದನ್ನು ಅವರು ಮೊದಲೇ ತಮಗೆ ತಾವೇ ಕೇಳಿಕೊಂಡಿರುತ್ತಾರೆ.