ಚಳಿಗಾಲದ ಚಾರಣ: ಇಳಿದ ಮೇಲೆ ಬಿಯರೇ?

ಎಳ್ಳ ಅಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಜೋಳದ ಬೆಳೆಯ ನಡುವೆ ಕುಳಿತು ಉಂಡು ಬರುವುದು ನಮ್ಮ ಧಾರವಾಡ ಸೀಮೆಯ ಹಳೆಯ ರೂಢಿ. ಚಳಿಗಾಲವೆಂದರೆ ಹೊರಗೆ ನಡೆದಾಡುವ ಕಾಲ ಎಂಬುದನ್ನು ಹಿರಿಯರಿಗೆ ಯಾವ ವೈದ್ಯರೂ ಹೇಳಿಕೊಡಬೇಕಿರಲಿಲ್ಲ. ಈಗ ಹೊಲವಿಲ್ಲದವರು ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತುತ್ತಾರೆ. ಉಣಕಲ್ ಕೆರೆಯ, ಕೆಲಗೇರಿ ಕೆರೆಯ ದಂಡೆಯಲ್ಲಿ ನಡೆಯುತ್ತಾರೆ. ಭಾನುವಾರ ಬಂತೆಂದರೆ ಗುಂಪು ಕಟ್ಟಿಕೊಂಡು ದಾಂಡೇಲಿಯ ಕಡೆ ಚಾರಣಕ್ಕೆ ಹೊರಡುವವರೂ ಉಂಟು. ಇದೆಲ್ಲ ಬಹಳ ಒಳ್ಳೆಯದು. ಆದರೆ ಕೆಲವು ಗುಂಪುಗಳಲ್ಲಿ ಬುತ್ತಿಯ ಜಾಗಕ್ಕೆ ಬಿಯರು ಬಂದು ಕುಳಿತಿದೆ. ಬೆಳಿಗ್ಗೆ ಗುಡ್ಡ, ಮಧ್ಯಾಹ್ನ ಪಬ್ಬು.

ತನ್ನದೇ ಹಂಡೆಗಳಲ್ಲಿ ಬಿಯರು ತಯಾರಿಸಿ ಅಲ್ಲಿಯೇ ಮಗ್ಗಿಗೆ ಸುರಿದು ಕೊಡುವ ‘ಬ್ರೂಪಬ್’ಗಳು ಬೆಂಗಳೂರಿನಲ್ಲಿ ಕಾಣಿಸಿಕೊಳ್ಳತೊಡಗಿದ್ದು 2011ರ ಸುಮಾರಿಗೆ. ನಸುಕಿನಲ್ಲಿ ನಂದಿಬೆಟ್ಟ ಹತ್ತಿ ಇಳಿದು, ಬಿಸಿಲೇರುವ ಹೊತ್ತಿಗೆ ಇಂಥ ಕಡೆ ಸೇರುವುದು ಅಲ್ಲಿ ಹೊಸದೇನಲ್ಲ. ಅಲ್ಲಿ ಓದುವ, ದುಡಿಯುವ ನಮ್ಮ ಹುಡುಗರು ರಜೆಗೆ ಊರಿಗೆ ಬರುವಾಗ ಈ ಅಭ್ಯಾಸವನ್ನೂ ಚೀಲದಲ್ಲಿಟ್ಟುಕೊಂಡು ಬರುತ್ತಾರೆ. ಬ್ರೂಪಬ್ ಆಗಲಿ, ಪೇಟೆಯ ಬಾರ್ ಆಗಲಿ, ಹೆದ್ದಾರಿ ಬದಿಯ ಧಾಬಾ ಆಗಲಿ, ಹೊಟ್ಟೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ ಅಲ್ಲಿನ 1949ರ ಪಾನನಿಷೇಧ ಕಾಯಿದೆ ಇಲ್ಲಿಗೂ ಅನ್ವಯಿಸಿತ್ತು. ಆ ಕಾಲವನ್ನು ಕಂಡ ಅಜ್ಜಂದಿರಿಗೆ ಮೊಮ್ಮಕ್ಕಳ ಈ ಕಾರ್ಯಕ್ರಮ ಕೇಳಿದರೆ ಸಿಟ್ಟು ಬರುವುದು ಸಹಜ. ಕುಡಿಯುವುದು ಸರಿಯೋ ತಪ್ಪೋ ಎಂಬ ಪಂಚಾಯ್ತಿಯನ್ನು ಮನೆಯವರಿಗೇ ಬಿಡೋಣ. ಇಲ್ಲಿ ನಾವು ನೋಡಬೇಕಾದದ್ದು ಬೇರೆ: ಕುರ್ಚಿಯಿಂದ ಎದ್ದುಹೋಗಿ ಬಿಯರು ಕುಡಿದವರ ದೇಹ ಮತ್ತು ನಾಲ್ಕು ತಾಸು ಗುಡ್ಡ ಹತ್ತಿಳಿದು ಬಿಯರು ಕುಡಿದವರ ದೇಹ ಒಂದೇ ಅಲ್ಲ.

ಮೊದಲು ನೀರಿನ ಮಾತು. ಡಿಸೆಂಬರ್-ಜನವರಿಯಲ್ಲಿ ನಮ್ಮಲ್ಲಿ ಬೆಳಗಿನ ಜಾವ 14-15 ಡಿಗ್ರಿಯಷ್ಟಕ್ಕೆ ಇಳಿಯುವ ಉಷ್ಣತೆ ಮಧ್ಯಾಹ್ನ 28-30 ಡಿಗ್ರಿಗೆ ಏರುತ್ತದೆ. ಸ್ವೆಟರು ಹಾಕಿಕೊಂಡು ಹೊರಟವರಿಗೆ ಬಾಯಾರಿಕೆಯೇ ಆಗುವುದಿಲ್ಲ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಸಂಕುಚಿಸಿ ರಕ್ತ ಒಳಭಾಗದಲ್ಲಿ ಸೇರಿಕೊಳ್ಳುವುದರಿಂದ ನೀರು ಸಾಕಷ್ಟಿದೆ ಎಂದು ದೇಹ ತಪ್ಪು ಲೆಕ್ಕ ಹಾಕುತ್ತದೆ. ಹೆಚ್ಚು ಮೂತ್ರ ಬರುವುದೂ ಅದಕ್ಕೇ. ಒಣಗಾಳಿಗೆ ಬೆವರು ಅಲ್ಲಲ್ಲಿಯೇ ಆರಿಹೋಗುತ್ತದೆ; ಅಂಗಿ ಒದ್ದೆಯಾಗದ ಕಾರಣ ಬೆವರಲೇ ಇಲ್ಲ ಎಂದುಕೊಳ್ಳುತ್ತೇವೆ. ಹನ್ನೊಂದು ಗಂಟೆಗೆ ಕೆಳಗಿಳಿಯುವಾಗ ತುಟಿ ಒಣಗಿ, ತಲೆ ಭಾರವಾಗಿ, ಮೂತ್ರ ಕಡು ಹಳದಿಯಾಗಿರುತ್ತದೆ. ಈ ಸ್ಥಿತಿಯಲ್ಲಿ ತಣ್ಣನೆಯ ಬಿಯರಿನಷ್ಟು ರುಚಿಯಾದದ್ದು ಇನ್ನೊಂದಿಲ್ಲ ಎನ್ನುತ್ತಾರೆ ಬಲ್ಲವರು. ಇರಬಹುದು. ಆದರೆ ಮೂತ್ರಪಿಂಡಗಳಿಗೆ ‘ನೀರನ್ನು ಹಿಡಿದಿಡು’ ಎಂದು ಹೇಳುವ ಹಾರ್ಮೋನು ಒಂದಿದೆ. ಮದ್ಯಸಾರ ಅದರ ಬಾಯಿ ಕಟ್ಟುತ್ತದೆ. ವ್ಯಾಯಾಮದ ನಂತರ ಬೇರೆ ಬೇರೆ ತೀಕ್ಷ್ಣತೆಯ ಪಾನೀಯ ಕೊಟ್ಟು ನಡೆಸಿದ ಒಂದು ಪರೀಕ್ಷೆಯ ವರದಿ 1997ರಲ್ಲಿ ಪ್ರಕಟವಾಯಿತು. ಮದ್ಯಸಾರ ಶೇಕಡಾ 2ರ ಒಳಗಿದ್ದಾಗ ಹೆಚ್ಚು ತೊಂದರೆ ಕಾಣಲಿಲ್ಲ. ಶೇಕಡಾ 4 ಆದಾಗ ದೇಹ ನೀರು ತುಂಬಿಕೊಳ್ಳುವುದು ನಿಧಾನವಾಯಿತು. ನಮ್ಮಲ್ಲಿ ಸಿಗುವ ಸಾಧಾರಣ ಬಿಯರು ಶೇಕಡಾ 5ರ ಆಸುಪಾಸು, ‘ಸ್ಟ್ರಾಂಗ್’ ಎನ್ನುವುದು ಶೇಕಡಾ 8ರವರೆಗೂ ಇರುತ್ತದೆ.

ಚಳಿಗೆ ಬೆಚ್ಚಗಾಗಲೆಂದು ನಸುಕಿನಲ್ಲಿಯೇ ಒಂದು ಗುಟುಕು ಹಾಕಿಕೊಂಡು ಹೊರಡುವವರಿಗೂ ಇಲ್ಲಿಯೇ ಒಂದು ಮಾತು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಮೈ ಬಿಸಿಯಾದಂತೆ ಅನಿಸುತ್ತದೆ. ನಿಜವಾಗಿ ಆಗುತ್ತಿರುವುದು ಒಳಗಿನ ಶಾಖ ಹೊರಗೆ ಹೋಗುವುದು. ಹುಬ್ಬಳ್ಳಿಯ ಚಳಿಗೆ ಇದರಿಂದ ಯಾರೂ ಹೆಪ್ಪುಗಟ್ಟಲಾರರು. ಹಿಮಾಲಯದ ಚಾರಣಕ್ಕೆ ಹೋಗುವ ನಮ್ಮ ಊರಿನವರು ಮಾತ್ರ ಇದನ್ನು ನೆನಪಿಡಬೇಕು.

‘ಇಷ್ಟು ನಡೆದಿದ್ದೇನೆ, ಒಂದು ಬಿಯರಿಗೆ ಹಕ್ಕುದಾರ’ ಎಂಬ ಲೆಕ್ಕಾಚಾರವೂ ಸ್ವಲ್ಪ ಕೈಕೊಡುತ್ತದೆ. 65 ಕಿಲೋ ತೂಕದವರು ಸಮತಟ್ಟು ನೆಲದ ಮೇಲೆ ಒಂದು ಕಿಲೋಮೀಟರ್ ನಡೆದರೆ ಸುಮಾರು 50 ಕ್ಯಾಲೊರಿ ವೆಚ್ಚವಾಗುತ್ತದೆ. ಅರ್ಧ ಲೀಟರಿನ ಒಂದು ಮಗ್ ಬಿಯರಿನಲ್ಲಿ 200ಕ್ಕೂ ಹೆಚ್ಚು ಕ್ಯಾಲೊರಿ. ಅಂದರೆ ನಾಲ್ಕು ಕಿಲೋಮೀಟರ್ ನಡೆದದ್ದು ಒಂದು ಮಗ್ಗಿಗೆ ಸರಿಹೋಯಿತು. ಜೊತೆಗೆ ಬರುವ ಮಿರ್ಚಿ ಭಜಿಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಇಷ್ಟಾದರೂ ಇವೆಲ್ಲ ಸಣ್ಣ ವಿಷಯಗಳು. ಒಂದು ತಲೆನೋವು, ಒಂದು ಇಂಚು ಸೊಂಟ. ಜೀವಕ್ಕೆ ಕುತ್ತು ತರಬಲ್ಲದ್ದು ಸಕ್ಕರೆಯ ಸಂಗತಿ. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ನಾವು ನಡೆಯುವಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಉರಿಸುತ್ತವೆ. ರಕ್ತದಲ್ಲಿ ಅದು ಕಡಿಮೆಯಾಗದಂತೆ ಯಕೃತ್ತು ತನ್ನ ಉಗ್ರಾಣದಿಂದ ಸಕ್ಕರೆ ತೆಗೆದು ಕೊಡುತ್ತಿರುತ್ತದೆ. ಉಗ್ರಾಣ ಬರಿದಾಗುತ್ತ ಬಂದಂತೆ ಬೇರೆ ವಸ್ತುಗಳಿಂದ ಹೊಸದಾಗಿ ಸಕ್ಕರೆ ತಯಾರಿಸಿ ಕೊಡುತ್ತದೆ. ಮದ್ಯ ಹೊಟ್ಟೆ ಸೇರಿದೊಡನೆ ಯಕೃತ್ತು ಅದನ್ನು ವಿಲೇವಾರಿ ಮಾಡುವ ಕೆಲಸಕ್ಕೆ ತೊಡಗುತ್ತದೆ. ಹೊಸ ಸಕ್ಕರೆ ತಯಾರಿಸುವ ಕೆಲಸ ಬಹುಮಟ್ಟಿಗೆ ನಿಂತುಹೋಗುತ್ತದೆ. ಊಟ ಮಾಡಿದ ಆರೋಗ್ಯವಂತರಿಗೆ ಇದರಿಂದ ಏನೂ ಆಗದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ನುಂಗುವವರು ಮಾತ್ರ ಎಚ್ಚರವಾಗಬೇಕು. ಅವರಲ್ಲಿ ಮೂರು ಕಡೆಯಿಂದ ಎಳೆತ: ಔಷಧ ಸಕ್ಕರೆಯನ್ನು ಇಳಿಸುತ್ತಿದೆ, ನಡಿಗೆ ಇಳಿಸುತ್ತಿದೆ, ಏರಿಸಬೇಕಾದ ಯಕೃತ್ತು ಕೈಕಟ್ಟಿ ಕುಳಿತಿದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಐವತ್ತೆರಡು ವರ್ಷದ ಒಬ್ಬ ಗೃಹಸ್ಥರು. ಐದು ವರ್ಷದಿಂದ ಸಕ್ಕರೆ ಕಾಯಿಲೆ, ಬೆಳಿಗ್ಗೆ ಒಂದು ಮಾತ್ರೆ. ಮಗನ ಗೆಳೆಯರ ಜೊತೆ ಉತ್ಸಾಹದಿಂದ ಚಾರಣಕ್ಕೆ ಹೊರಟರು. ಐದೂವರೆಗೆ ಹೊರಡುವ ಅವಸರ. ಮಾತ್ರೆ ನುಂಗಿದರು, ತಿಂಡಿ ‘ದಾರಿಯಲ್ಲಿ ನೋಡೋಣ’ ಎಂದರು. ದಾರಿಯಲ್ಲಿ ಚಹಾ ಮತ್ತು ಎರಡು ಬಿಸ್ಕೀಟು ಮಾತ್ರ ಸಿಕ್ಕವು. ಮಧ್ಯಾಹ್ನ ಒಂದು ಗಂಟೆಗೆ ಬಿಯರಿನ ಮೇಜು. ಊಟ ಇನ್ನೂ ಬರಬೇಕು. ಅರ್ಧ ಮಗ್ ಮುಗಿಯುವಷ್ಟರಲ್ಲಿ ಅವರು ಬೆವರತೊಡಗಿದರು, ಕೈ ನಡುಗಿತು, ಮಾತು ತೊದಲಿತು, ಏನೋ ಅಸಂಬದ್ಧ ಹೇಳಿ ಸಿಟ್ಟಾದರು. ಗೆಳೆಯರು ನಕ್ಕರು: ‘ಕಾಕಾಗ ಅರ್ಧ ಮಗ್ಗಿಗೇ ಏರಿತು!’ ಒಂದು ಮೂಲೆಯಲ್ಲಿ ಮಲಗಿಸಿದರು.

ಅಪಾಯ ಇರುವುದು ಆ ನಗುವಿನಲ್ಲಿಯೇ. ರಕ್ತದ ಸಕ್ಕರೆ ಕುಸಿದವರ ಲಕ್ಷಣಗಳೂ ಕುಡಿದು ಅಮಲೇರಿದವರ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ: ತೂರಾಟ, ತೊದಲು, ಮಂಪರು, ಜಗಳ. ಬಾಯಲ್ಲಿ ಬಿಯರಿನ ವಾಸನೆ ಬೇರೆ. ನೋಡಿದವರೆಲ್ಲ ಕುಡುಕನೆಂದೇ ತೀರ್ಮಾನಿಸುತ್ತಾರೆ, ಮಲಗಿ ಎದ್ದರೆ ಸರಿಹೋಗುತ್ತದೆ ಎನ್ನುತ್ತಾರೆ. ಸಕ್ಕರೆ ಕುಸಿದವರನ್ನು ಹಾಗೆ ಮಲಗಲು ಬಿಟ್ಟರೆ ಅವರು ಪ್ರಜ್ಞೆ ತಪ್ಪಬಹುದು, ಅಪಸ್ಮಾರ ಬರಬಹುದು, ಹೊತ್ತು ಮೀರಿದರೆ ಮಿದುಳಿಗೆ ಹಾನಿಯಾಗಬಹುದು, ಜೀವವೇ ಹೋಗಬಹುದು. ಆದುದರಿಂದ ಗುಂಪಿನಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ ಎಂಬುದು ಕನಿಷ್ಠ ಇಬ್ಬರಿಗಾದರೂ ಮೊದಲೇ ಗೊತ್ತಿರಬೇಕು. ಇದರಲ್ಲಿ ನಾಚಿಕೆ ಪಡುವಂಥದೇನಿಲ್ಲ. ಅವರು ಕುಡಿದಷ್ಟಕ್ಕೆ ಹೊಂದದ ಅಮಲು ಕಂಡರೆ ಸಕ್ಕರೆ ಇಳಿದಿದೆ ಎಂದೇ ತಿಳಿಯಿರಿ. ಬೆರಳ ರಕ್ತದಿಂದ ಸಕ್ಕರೆ ನೋಡುವ ಯಂತ್ರ ಜೊತೆಗಿದ್ದರೆ ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಅನುಮಾನ ಬೇಡ. ಯಂತ್ರವಿಲ್ಲದಿದ್ದರೆ ಕಾಯುತ್ತ ಕೂರಬೇಡಿ.

ನುಂಗಬಲ್ಲಷ್ಟು ಎಚ್ಚರವಿದ್ದರೆ ಮೂರು-ನಾಲ್ಕು ಚಹಾ ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ. ಇಲ್ಲದಿದ್ದರೆ ಸಕ್ಕರೆಯಾದರೂ ಆದೀತು. ಆದರೆ ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಡಿಗೆಮನೆಯ ಸಕ್ಕರೆ ನಿಧಾನವಾಗಿ ಜೀರ್ಣವಾಗುವುದರಿಂದ ಅವರ ಚೀಲದಲ್ಲಿ ಗ್ಲೂಕೋಸೇ ಇರಲಿ. ಕೈಗೆ ಸಿಕ್ಕಿತೆಂದು ಪೇಡೆ ತಿನ್ನಿಸುವುದು ಇಲ್ಲಿ ಮೊದಲ ಚಿಕಿತ್ಸೆಯಲ್ಲ. ಖೋವೆಯ ಕೊಬ್ಬಿನಿಂದಾಗಿ ಅದರ ಸಕ್ಕರೆ ರಕ್ತಕ್ಕೆ ಸೇರುವುದು ತಡ. ಹದಿನೈದು ನಿಮಿಷ ನೋಡಿ, ಚೇತರಿಸದಿದ್ದರೆ ಇನ್ನೊಮ್ಮೆ ಕೊಡಿ. ಚೇತರಿಸಿದ ಮೇಲೆ ರೊಟ್ಟಿಯೋ ಅನ್ನವೋ ಹೊಟ್ಟೆ ತುಂಬ ಉಣ್ಣಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು. ಅದು ಶ್ವಾಸನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನು ಮಾಡಿ, ಬಂದವರಿಗೆ ‘ಸಕ್ಕರೆ ಕಾಯಿಲೆ ಇದೆ, ಈ ಮಾತ್ರೆ ತೆಗೆದುಕೊಂಡಿದ್ದಾರೆ’ ಎಂದು ಮೊದಲು ಹೇಳಿ. ಬಿಯರಿನ ವಿಷಯ ಆಮೇಲೆ ಹೇಳಿ, ಆದರೆ ಮುಚ್ಚಿಡಬೇಡಿ.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹೀಗೆ ಕುಸಿಯುವುದು ವಿರಳ. ಆದರೂ ನೀರಿಲ್ಲದೆ ಬಳಲಿದ ದೇಹಕ್ಕೆ ಮದ್ಯ ವಿಪರೀತವಾದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಬೇರೊಂದು ಅಪಾಯ ಅವರಿಗಿದೆ. ಅಪರೂಪ, ಆದರೆ ಗಂಭೀರ. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಮೇಜಿನಿಂದ ಎದ್ದೊಡನೆ ಕಣ್ಣು ಕತ್ತಲೆ ಬರಬಹುದು. ಮಂಡಿನೋವೆಂದು ಗುಡ್ಡ ಇಳಿದೊಡನೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿ, ಅದರ ಮೇಲೆ ಬಿಯರು ಕುಡಿಯುವುದು ಜಠರದಲ್ಲಿ ಹುಣ್ಣಾಗಿ ರಕ್ತ ಸೋರಲು ದಾರಿ. ಹೆಬ್ಬೆರಳ ಗಂಟು ಊದಿಕೊಳ್ಳುವ ಗೌಟ್ ಇರುವವರಿಗೆ ಒಣಗಿದ ದೇಹ ಮತ್ತು ಬಿಯರು ಎರಡೂ ಆಗದವು, ಒಟ್ಟಿಗಂತೂ ಬೇಡವೇ ಬೇಡ.

ಇನ್ನು ಮನೆಗೆ ಮರಳುವ ಪ್ರಶ್ನೆ. ಶೇಕಡಾ 5ರ ಅರ್ಧ ಲೀಟರು ಬಿಯರಿನಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರವಿದೆ. ಶೇಕಡಾ 8ರ 650 ಮಿಲಿಲೀಟರಿನ ಬಾಟಲಿಯಲ್ಲಿ 41 ಗ್ರಾಂ. ಯಕೃತ್ತು ತಾಸಿಗೆ ಸುಮಾರು ಏಳೆಂಟು ಗ್ರಾಂ ಮಾತ್ರ ಕರಗಿಸಬಲ್ಲದು. ಮೊದಲಿನದಕ್ಕೆ ಎರಡೂವರೆ-ಮೂರು ತಾಸು, ಎರಡನೆಯದಕ್ಕೆ ಐದು ತಾಸಿಗೂ ಹೆಚ್ಚು. ಕಾಫಿ, ಲಿಂಬೆಹಣ್ಣಿನ ಪಾನಕ, ತಲೆಯ ಮೇಲೆ ತಣ್ಣೀರು ಇವು ಯಾವುವೂ ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುವುದಿಲ್ಲ. 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಖಾಲಿ ಹೊಟ್ಟೆಯಲ್ಲಿ ಕುಡಿದ ಒಂದೇ ಮಗ್ ಸಾಧಾರಣ ಮೈಕಟ್ಟಿನವರನ್ನು ಈ ಗೆರೆ ದಾಟಿಸಬಹುದು, ಹೆಂಗಸರನ್ನು ಇನ್ನೂ ಬೇಗ. ದಂಡದ ಮಾತು ಬಿಡಿ. ನಸುಕಿನ ನಾಲ್ಕಕ್ಕೆ ಎದ್ದು, ದಿನವಿಡೀ ನಡೆದು, ಅದರ ಮೇಲೆ ಬಿಯರು ಕುಡಿದವರಿಗೆ ದಾಂಡೇಲಿಯಿಂದ ಧಾರವಾಡದವರೆಗಿನ ಐವತ್ತು ಚಿಲ್ಲರೆ ಕಿಲೋಮೀಟರ್‌ಗಳ ಸಂಜೆಯ ರಸ್ತೆಯಲ್ಲಿ ನಿದ್ದೆಯೂ ಅಮಲೂ ಸೇರಿ ಬರುತ್ತವೆ. ಕೀಲಿಕೈ ಯಾರ ಕಿಸೆಯಲ್ಲಿರಬೇಕು ಎಂಬುದು ಬೆಳಿಗ್ಗೆ ಹೊರಡುವಾಗಲೇ ನಿಶ್ಚಯವಾಗಲಿ. ಅವರಿಗೆ ಮಗ್ ಇಲ್ಲ.

ಮದ್ಯಕ್ಕೆ ಇಂತಿಷ್ಟು ಎಂಬ ನಿರಪಾಯದ ಮಿತಿ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಕುಡಿಯದವರು ಗೆಳೆಯರ ಒತ್ತಾಯಕ್ಕೆ ಶುರು ಮಾಡುವ ಕಾರಣವೇ ಇಲ್ಲ. ಮಜ್ಜಿಗೆಗೆ ಉಪ್ಪು ಹಾಕಿ ಕುಡಿದರೆ ಬೆವರಿನಲ್ಲಿ ಹೋದದ್ದು ಚೆನ್ನಾಗಿಯೇ ತುಂಬುತ್ತದೆ. ಹೇಗೂ ಕುಡಿಯುವವರು ಕ್ರಮವನ್ನಾದರೂ ಬದಲಿಸಲಿ. ಹೊರಡುವ ಮುಂಚೆ ಅವಲಕ್ಕಿಯೋ ಉಪ್ಪಿಟ್ಟೋ ಹೊಟ್ಟೆಗೆ ಬೀಳಲಿ. ಬಾಯಾರಲಿ ಬಿಡಲಿ, ಅರ್ಧ ತಾಸಿಗೊಮ್ಮೆ ನಾಲ್ಕು ಗುಟುಕು ನೀರು. ಗುಡ್ಡ ಇಳಿದ ಮೇಲೆ ಮೊದಲು ನೀರು ಅಥವಾ ಮಜ್ಜಿಗೆ, ಆಮೇಲೆ ಊಟ. ಮೂತ್ರ ತಿಳಿಯಾದ ನಂತರ, ಬೇಕೇ ಬೇಕೆನಿಸಿದರೆ, ಊಟದ ಜೊತೆ ಒಂದು ಮಗ್. ಹೀಗೆ ಮಾಡಿದವರಲ್ಲಿ ಅನೇಕರಿಗೆ ಆ ಮಗ್ ಅಷ್ಟಾಗಿ ಬೇಕೆನಿಸುವುದೂ ಇಲ್ಲ, ಏಕೆಂದರೆ ಬಿಯರಿನ ಆಸೆ ಎಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ಬರಿಯ ಬಾಯಾರಿಕೆ.

ಸಕ್ಕರೆ ಕಾಯಿಲೆಯವರ ಮನೆಯವರಿಗೆ ಇನ್ನೊಂದು ಸೂಚನೆ. ದೀರ್ಘ ನಡಿಗೆಯ ಪರಿಣಾಮ ಆ ಹೊತ್ತಿಗೇ ಮುಗಿಯುವುದಿಲ್ಲ. ಬರಿದಾದ ಉಗ್ರಾಣವನ್ನು ತುಂಬಿಕೊಳ್ಳಲು ಸ್ನಾಯುಗಳು ರಾತ್ರಿಯಿಡೀ, ಕೆಲವೊಮ್ಮೆ 24 ತಾಸಿನವರೆಗೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತಿರುತ್ತವೆ. ಚಾರಣ ಮುಗಿಸಿ, ಬಿಯರು ಕುಡಿದು ಬಂದವರು ‘ಹಸಿವಿಲ್ಲ, ದಣಿದಿದ್ದೇನೆ’ ಎಂದು ಹಾಗೆಯೇ ಮಲಗಲು ಬಿಡಬೇಡಿ. ಏನಾದರೂ ಉಣ್ಣಿಸಿ, ಮಲಗುವ ಮುಂಚೆ ಸಕ್ಕರೆ ನೋಡಿ, ನಸುಕಿನ ಮೂರು ಗಂಟೆಗೆ ಇನ್ನೊಮ್ಮೆ ಎಬ್ಬಿಸಿ ನೋಡಿ.