ಮೊದ್ಲ ತಾರೀಖು ನೋಡ್ರಿ

ಹುಬ್ಬಳ್ಳಿ-ಧಾರವಾಡದ ನಡುವಿನ ಹೊಲಗಳು ಪ್ಲಾಟುಗಳಾದ ಬಗೆಯನ್ನು ಪತ್ತೇದಾರಿ ಕಾದಂಬರಿ ಮಾಡಬೇಕೆಂದು ಕೂತಾಗ ನನ್ನ ತಲೆಯಲ್ಲಿದ್ದದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಆತನಿಗೆ ಒಂದು ಕೊಲೆ, ಒಂದಿಷ್ಟು ಸುಳಿವು ಸಾಕು, ಕಥೆ ಓಡುತ್ತದೆ. ಲೇಔಟ್ ದಂಧೆಗೆ ಆ ಅಂಗಿ ಹೊಂದಲಿಲ್ಲ. ದುಡ್ಡು ತಿಂದವರು ಯಾರೆಂದು ನಮ್ಮ ಓದುಗ ಮೊದಲ ಪುಟದಲ್ಲೇ ಹೇಳಿಬಿಡುತ್ತಾನೆ. ಹೇಗೆ ತಿಂದರು ಎನ್ನುವುದು ಮಾತ್ರ ಅವನಿಗೂ ಗೊತ್ತಿರುವುದಿಲ್ಲ.

ಅದನ್ನು ನನಗೆ ಕಲಿಸಿದವರು ಒಬ್ಬ ನಿವೃತ್ತ ಸರ್ವೇಯರು. ಚಹಾ ಕುಡಿಯುತ್ತ ಮೇಜಿನ ಮೇಲೆ ಒಂದು ಹಳೆಯ ಉತಾರ (ಪಹಣಿ) ಹರಡಿದರು. 9ನೆಯ ಕಾಲಂನಲ್ಲಿ ಮಾಲೀಕನ ಹೆಸರು, 10ರಲ್ಲಿ ಅದು ಅವನಿಗೆ ಬಂದ ರೀತಿ, 11ರಲ್ಲಿ ಸಾಲ-ಋಣ. ನಾನು ಹೆಸರು ಹುಡುಕುತ್ತಿದ್ದೆ. ಅವರು ಹಕ್ಕು ಬದಲಾವಣೆಯ ಮ್ಯುಟೇಶನ್ ನಂಬರಿನ ಪಕ್ಕ ಬೆರಳಿಟ್ಟು, "ಹೆಸರು ಆಮ್ಯಾಲ ನೋಡೂಣ್ರಿ, ಮೊದ್ಲ ತಾರೀಖು ನೋಡ್ರಿ" ಅಂದರು. ರಾಜ್ಯಪತ್ರದಲ್ಲಿ ಭೂಸ್ವಾಧೀನದ ಅಧಿಸೂಚನೆ ಬಂದ ದಿನ ಒಂದು ಕಡೆ, ಖರೀದಿಯ ದಿನ ಇನ್ನೊಂದು ಕಡೆ. ಏನೂ ಬೆಳೆಯದ ಹೊಲವನ್ನು ದೂರದೂರಿನವನೊಬ್ಬ ಅಧಿಸೂಚನೆಗೆ ಸ್ವಲ್ಪ ಮೊದಲು ಕೊಂಡಿದ್ದರೆ? "ಭವಿಷ್ಯ ಹೇಳಾಂವ ಇರಬೇಕ್ರಿ ಅಂವಾ" ಎಂದು ನಕ್ಕರು. ನನ್ನ ಕಾದಂಬರಿಗೆ ಸುಳಿವು ಸಿಕ್ಕಿದ್ದು ಅಲ್ಲಿ.

ಯಾವ ಯೋಜನೆಯಾದರೂ ನಕ್ಷೆ ಮೊದಲು, ರಸ್ತೆ ಆಮೇಲೆ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಓಡುವ 22 ಕಿ.ಮೀ. ಪ್ರತ್ಯೇಕ ಮಾರ್ಗದ ಉದ್ಘಾಟನೆ 2020ರ ಫೆಬ್ರುವರಿಯಲ್ಲಿ ಆಯಿತು. ಅದರ ಮಾತು ಅದಕ್ಕೂ ಎಷ್ಟೋ ವರ್ಷ ಹಿಂದಿನದು. ನಕ್ಷೆಗೂ ಡಾಂಬರಿಗೂ ನಡುವಿನ ಈ ವರ್ಷಗಳೇ ಇಂಥ ಕಥೆಯ ಕಾಲ. ಅಲ್ಲಿ ಒಬ್ಬ ಖಳನಾಯಕನೂ ಸಿಗುವುದಿಲ್ಲ. ಕಡತ ಹತ್ತು ಮೇಜು ದಾಟಿರುತ್ತದೆ, ಒಂದೊಂದರಲ್ಲೂ ಒಂದೊಂದು ಸಹಿ. "ಕೊಲಿ ಮಾಡಿದಾಂವ ಸಿಗತಾನ್ರಿ, ಸಹಿ ಮಾಡಿದಾಂವ ವರ್ಗಾ ಆಗಿರತಾನ" ಎಂಬ ಸರ್ವೇಯರರ ಮಾತನ್ನು ಹಾಗೇ ಒಂದು ಪಾತ್ರದ ಬಾಯಿಗೆ ಹಾಕಿದೆ. ನಾಯಕನ ಕೈಗೆ ಪಿಸ್ತೂಲಿನ ಬದಲು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಕೊಟ್ಟೆ. ಉತ್ತರಕ್ಕಾಗಿ 30 ದಿನ ಕಾಯುವ ಪತ್ತೇದಾರ! ಓದುಗ ಬೇಸರಪಟ್ಟರೆ ಅದು ನನ್ನ ಹಣೆಬರಹ.

ಮೋಸ ಹೋದವರನ್ನು ಹುಡುಕಲು ಕಷ್ಟಪಡಬೇಕಾಗಲಿಲ್ಲ. ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗದ ಹೊಲದಲ್ಲಿ ಬರೀ ಬಾಂಡ್ ಪೇಪರ್ ಮೇಲೆ ಗುಂಟಾ ಪ್ಲಾಟು, ಅಂದರೆ 33 ಅಡಿ ಉದ್ದ 33 ಅಡಿ ಅಗಲದ ಜಾಗ, ಕೊಂಡು ಗಟಾರು-ನೀರಿಗಾಗಿ ಅಲೆಯುವವರು ಎರಡೂ ಊರಿನ ಅಂಚಿನಲ್ಲಿದ್ದಾರೆ.

ಒಂದು ವಿಷಯ ಮಾತ್ರ ಕಾದಂಬರಿಗೆ ತರಲಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಅವರ ಮನೆಯವರು ಇನ್ನೂ ಇದೇ ಊರಿನಲ್ಲಿ ಓಡಾಡುತ್ತಿರುವಾಗ ಆ ಸಾವುಗಳಿಂದ ಕುತೂಹಲ ಕೆರಳಿಸುವುದು ನನಗೆ ಸರಿ ಕಾಣಲಿಲ್ಲ.

ಕಾದಂಬರಿ ಓದದಿದ್ದರೂ ನಡೆದೀತು. ಪ್ಲಾಟು ಕೊಳ್ಳುವವರು ಉತಾರ, ಎನ್.ಎ. ಆದೇಶ, ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ಲೇಔಟ್ ನಕ್ಷೆ, ಈ ಮೂರನ್ನೂ ನೋಡದೆ ಸಂಚಕಾರದ ದುಡ್ಡು ಕೊಡಬೇಡಿ.